ಗಂಗವ್ವ ಸೀನಿದಳು

ನಾನು, ಗಂಡ, ಮಗಳು ಮೂವರೂ ಒಮಾನಿನ ದುಕ್ಮ್‌ನಿಂದ ಸಲಾಲಾಕ್ಕೆ ಟೂರ್ ಹೋಗಿದ್ದೆವು. ಇಸ್ತ್ರಿ ಮುರಿಯದ ಬಿಳಿ ನಿಲುವಂಗಿಯ ಒಮಾನಿ ಗೈಡ್ ಬೆಳಿಗ್ಗೆ ಹಿನ್ನೀರಿನಲ್ಲಿ ಗುಲಾಬಿ ಫ್ಲೆಮಿಂಗೊ ಹಕ್ಕಿಗಳನ್ನು ತೋರಿಸಿ, ಮಧ್ಯಾಹ್ನ ಮುಗ್ಸೈಲ್ ಕಡಲತೀರಕ್ಕೆ ಕರೆತಂದ. ಅಲ್ಲಿನ ಬಂಡೆಯಲ್ಲಿ ತೂತುಗಳಿವೆ. ಕೆಳಗೆ ಅಲೆ ಬಡಿದರೆ ನೀರು ಬುಸ್ಸೆಂದು ಆಳೆತ್ತರಕ್ಕೂ ಮೇಲೆ ಬುಗ್ಗೆಯಾಗಿ ಚಿಮ್ಮುತ್ತದೆ.

ನಾನು ವಿಜಯಪುರದವಳು. ಹೊಸ ನೀರು ಕಂಡ ಮೇಲೆ ಗಂಗವ್ವನಿಗೆ ಅರಿಷಿಣ-ಕುಂಕುಮ ಏರಿಸದೆ ಹಾಗೆಯೇ ಬರುವುದುಂಟೇ? ಬ್ಯಾಗಿನಿಂದ ಎರಡೂ ಪೊಟ್ಟಣ ತೆಗೆದೆ.

“ಅಮ್ಮಾ, ಪ್ಲೀಸ್ ಡೋಂಟ್!” ಎಂದಳು ಮಗಳು.

“ನೀ ಸುಮ್ಕಿರು, ಒಂದ ಚಿಟಿಕಿ ಏರಸ್ತೀನಿ ಅಷ್ಟ,” ಎಂದು ಗದರಿಸಿ, ತೂತಿನ ಮೇಲಿದ್ದ ಕಬ್ಬಿಣದ ಜಾಲರಿಯತ್ತ ಬಗ್ಗಿದೆ.

“ಪೀಛೇ! ಯಲ್ಲಾ, ಪೀಛೇ!” ಎಂದು ದೂರ ಸರಿಯುವಂತೆ ಕೈ ಬೀಸುತ್ತ ಗೈಡ್ ಓಡಿಬಂದ. ಹಿಂದೆಯೇ ನನ್ನ ಗಂಡನೂ ಬಂದರು. ಅವಸರಕ್ಕೆ ಚಿಟಿಕೆ ಮರೆತು ಎರಡೂ ಪೊಟ್ಟಣ ಒಟ್ಟಿಗೇ ಕೊಡವಿಬಿಟ್ಟೆ. ಒಳಗೆ ಯಾರೋ ದೊಡ್ಡದಾಗಿ ಉಸಿರೆಳೆದ ಸದ್ದಾಯಿತು. ಮರುಕ್ಷಣವೇ ಗಂಗವ್ವ ಸೀನಿದಳು!

ಕಣ್ಣು ಬಿಟ್ಟರೆ ಗಂಡನ ಬೋಳುತಲೆ ಅರಿಷಿಣದ ಮುದ್ದೆಯಾಗಿತ್ತು. ಗೈಡ್ ಬೆಳಗಿನ ಫ್ಲೆಮಿಂಗೊಗಳಿಗಿಂತ ಕೆಂಪಗಿದ್ದ. ತನ್ನ ನಿಲುವಂಗಿಯನ್ನು ಮೇಲಿಂದ ಕೆಳಗೆ ನೋಡಿಕೊಂಡು “ಖಲಾಸ್!” ಎಂದವನೇ ಹೊಟ್ಟೆ ಹಿಡಿದು ನಗತೊಡಗಿದ. ಮಗಳಿಗಂತೂ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ನಾನೂ ನಗುತ್ತಲೇ ಮೊಬೈಲಿನಲ್ಲಿ ಮುಖ ನೋಡಿಕೊಂಡೆ. ಹುಟ್ಟಿದಾಗಿನಿಂದ ಎಷ್ಟೋ ಹೊಳೆ, ಬಾವಿಗಳಿಗೆ ಕುಂಕುಮ ಏರಿಸಿದ್ದೇನೆ. ತಿರುಗಿ ನನ್ನ ಹಣೆಗೂ ಹಚ್ಚಿದವಳು ಈ ಗಂಗವ್ವ ಒಬ್ಬಳೇ.