ಸದಾನಂದನ ಚಾಸಿಸ್ ನಂಬರ್

ಸದಾನಂದ ತೀರಿಕೊಂಡು ಒಂದು ತಿಂಗಳಾಗಿತ್ತು. ಮಲ್ಪೆ ಕಡೆಯವನು, ಇಲ್ಲಿ ಗಲ್ಫ್‌ನ ಕರಾಮದಲ್ಲಿ ಒಂಬತ್ತು ವರ್ಷ ನನ್ನ ರೂಮ್‌ಮೇಟ್. ಶುಕ್ರವಾರ ಮೀನು ಹಿಡಿಯಲು ತನ್ನ ಪುಟ್ಟ ದೋಣಿಯನ್ನು ಕಾರಿನ ಹಿಂದೆ ಎಳೆದೊಯ್ಯಬೇಕೆಂದು ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ತಾನೇ ವೆಲ್ಡಿಂಗ್ ಮಾಡಿ ಒಂದು ಟ್ರೇಲರ್ ಕಟ್ಟಿದ್ದ. ರಿಜಿಸ್ಟ್ರೇಷನ್ ಆಗುವ ಮೊದಲೇ ಎದೆನೋವು ಬಂತು.

"ಅವರ ಕೈಕೆಲಸ ಗುಜರಿಗೆ ಹೋಗುವುದು ಬೇಡ ಅಣ್ಣ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ" ಎಂದು ಅವನ ಹೆಂಡತಿ ಊರಿನಿಂದ ಫೋನ್ ಮಾಡಿ ಹೇಳಿದ್ದರು.

ರಿಜಿಸ್ಟ್ರೇಷನ್‌ಗೆಂದು ಟ್ರೇಲರ್ ಒಯ್ದಾಗ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಬಗ್ಗಿ, ಕಬ್ಬಿಣದ ಮೇಲಿದ್ದ ಅಂಕಿಗಳನ್ನು ಬೆರಳಿನಿಂದ ಒರೆಸಿ ಓದಿದ.

"ಇದು ಚಾಸಿಸ್ ನಂಬರ್ ಅಲ್ಲ, ಮೊಬೈಲ್ ನಂಬರ್!"

ಟ್ರೇಲರ್‌ಗೊಂದು ನಂಬರ್ ಇರಲೇಬೇಕು ಎಂದು ಯಾರೋ ಹೇಳಿದ್ದಕ್ಕೆ ಈ ಮಾರಾಯ ತನ್ನದನ್ನೇ ಕೊರೆದುಬಿಟ್ಟಿದ್ದ.

ಯಾರದೆಂದು ನಾನು ಹೇಳುವ ಮೊದಲೇ ಇನ್‌ಸ್ಪೆಕ್ಟರ್ ಡಯಲ್ ಮಾಡಿಯಾಗಿತ್ತು. ನನ್ನ ಜೇಬಿನಲ್ಲಿ ರಿಂಗಾಯಿತು. ಬ್ಯಾಂಕಿನವರು ಕರೆ ಮಾಡಬಹುದೆಂದು ಸದಾನಂದನ ಫೋನನ್ನು ನಾನೇ ಇಟ್ಟುಕೊಂಡಿದ್ದೆ. ಅಭ್ಯಾಸಬಲದಿಂದ ಎತ್ತಿ "ಹಲೋ" ಎಂದೆ. ಎರಡಡಿ ದೂರದಲ್ಲಿ ನಿಂತು ಅವನೂ "ಹಲೋ" ಎಂದ.

"ಇದನ್ನು ಮಾಡಿದವನು ನೀನಾ?"

"ಅಲ್ಲ. ಅವನು ಮಾಫಿ."

ಅರಬ್ಬಿಯಲ್ಲಿ 'ಇಲ್ಲ' ಎನ್ನಲು ಇಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ಅವತ್ತು ಅದನ್ನು ಹೇಳಿ ಬೆರಳನ್ನು ಆಕಾಶದತ್ತ ತೋರಿಸಿದೆ.

ಅವನು ಮೆಲ್ಲಗೆ ಫೋನ್ ಇಳಿಸಿದ. "ಇದರ ಪಕ್ಕದಲ್ಲಿ ಹೊಸ ನಂಬರ್ ಹೊಡೆಸಿಕೊಂಡು ಬಾ. ಇದನ್ನು ಉಜ್ಜಬೇಡ," ಎಂದ.

ಟ್ರೇಲರ್ ಈಗ ನನ್ನ ಹೆಸರಿಗಿದೆ. ಆ ಮೊಬೈಲ್ ನಂಬರ್ ಮಾತ್ರ ಇನ್ನೂ ರದ್ದಾಗಿಲ್ಲ. ಅದಕ್ಕೆ ಓನರೇ ಖುದ್ದಾಗಿ ಬರಬೇಕಂತೆ.