ಹಳ್ಳದಾಚೆಯ ಕಟ್ಟಿಗೆ

ಕಪ್ಪತಗುಡ್ಡದ ಹಳ್ಳದ ದಂಡೆಯಲ್ಲಿ, ಹಿಂದಿನಿಂದಲೂ ಡೇರೆ ಹಾಕುವ ಬಯಲಿನಲ್ಲಿ, ನಾವು ಮುಳಗುಂದದ ಮಾಸ್ತರರು ವರ್ಷಕ್ಕೊಮ್ಮೆ ಬಿಡಾರ ಹೂಡುತ್ತಿದ್ದೆವು. ಈಚೆ ದಂಡೆ ಬ್ರಿಟಿಷ್ ಸರ್ಕಾರದ್ದು, ಆಚೆಯದು ಸಂಸ್ಥಾನದ್ದು. ಅಡವಿ ಕಾಯುವ ಗಾರ್ಡ್ ಈಚೆ ಒಂದು ಕಡ್ಡಿಯನ್ನೂ ಮುರಿಯಗೊಡುತ್ತಿರಲಿಲ್ಲ.

"ಆಚಿ ಕಟಗಿ ಆಚೇನ ಸುಡ್ರಿ, ಮಾಸ್ತರ," ಎನ್ನುತ್ತ ಗಾರ್ಡ್ ಮೀಸೆ ನೀವಿಕೊಳ್ಳುತ್ತಿದ್ದರು.

ಆಚೆಯೇ ರೊಟ್ಟಿ ಬಡಿದು, ಮೊಣಕಾಲುದ್ದ ನೀರು ದಾಟಿಸಿ ತರುತ್ತಿದ್ದೆವು. ಎಷ್ಟು ಕರೆದರೂ ಅವರು ಮುಟ್ಟುತ್ತಿರಲಿಲ್ಲ.

"ಗಡಿ ಕಾಯಾಂವ ನಾನ. ದಾಟಿ ಬಂದದ್ದು ಹೆಂಗ ತಿನ್ನಲಿರಿ?" ಎಂದು ತಮ್ಮ ಗಂಟಿನ ಒಣ ರೊಟ್ಟಿ ಮುರಿಯುತ್ತಿದ್ದರು.

ಸ್ವಾತಂತ್ರ್ಯ ಬಂದು ಸಂಸ್ಥಾನ ಸರ್ಕಾರದಲ್ಲಿ ಸೇರಿತು. ಆ ವರ್ಷ ನಾವು ಈಚೆಯೇ ಒಲೆ ಹೂಡುವಷ್ಟರಲ್ಲಿ ಗಾರ್ಡ್ ತಾವೇ ಆಚೆಯಿಂದ ಕಟ್ಟಿಗೆಯ ಹೊರೆ ಹೊತ್ತು ನೀರಿಗಿಳಿದರು. ಗಡಿಯಿದ್ದ ನಡುಹಳ್ಳದಲ್ಲಿ ಕಾಲು ರೂಢಿಯಂತೆ ನಿಂತಿತು. ಆಮೇಲೆ ದಾಟಿ ಬಂದು, ಹೊರೆ ಇಳಿಸಿ, ಒಲೆಯ ಮುಂದೆ ಕುಳಿತರು.

"ಬಿಸೀದು ಒಂದು ಕೊಡ್ರಿ, ಮಾಸ್ತರ."