ಕೆಂಪಮ್ಮತ್ತೆ ಕೊಟ್ಟ ದಾಸವಾಳ

ಹೊಗೆಸೊಪ್ಪು ನೆನೆದ ನೀರಿಗೆ ಸೋಪು ಕದಡಿದಾಗ ಏಳುವ ಘಾಟು ನಿಮಗೆ ಗೊತ್ತೋ ಇಲ್ಲವೋ. ಮೊನ್ನೆ ನಮ್ಮ ಬೀದಿಯಲ್ಲಿ ಯಾರೋ ಕುಂಡದ ಗುಲಾಬಿಗೆ ಅದನ್ನು ಚಿಮುಕಿಸುತ್ತಿದ್ದರು. ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಚಿಕ್ಕಬಾಣಾವರದ ನಮ್ಮ ಹೆಂಚಿನ ಮನೆ, ಬಚ್ಚಲ ನೀರು ಹರಿದು ತಂಪಾಗಿರುತ್ತಿದ್ದ ಹಿತ್ತಿಲು, ಅಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲೆಗಳನ್ನು ಮಗುಚಿ ನೋಡುತ್ತಿದ್ದ ಕೆಂಪಮ್ಮತ್ತೆ, ಎಲ್ಲವೂ ಒಟ್ಟಿಗೆ ಬಂದವು. ಅತ್ತೆ ನನ್ನಪ್ಪನ ಅಕ್ಕ. ಅಪ್ಪ ಸೈಕಲ್ಲಿನಲ್ಲಿ ಪೀಣ್ಯದ ಕಾರ್ಖಾನೆಗೆ ಹೋಗಿಬರುತ್ತಿದ್ದ. ಅಲ್ಲಿ ಕೈ ತೊಳೆಯಲು ಕೊಡುತ್ತಿದ್ದ ಸೋಪಿನ ಬಿಲ್ಲೆಗಳನ್ನು ಅವನು ಮನೆಗೆ ತಂದರೆ, ನಮ್ಮ ಮೈಗಿಂತ ಮೊದಲು ಅವು ಅತ್ತೆಯ ಗಿಡಗಳಿಗೆ ಸಲ್ಲುತ್ತಿದ್ದವು.

ಅತ್ತೆಯನ್ನು ಕೊಟ್ಟಿದ್ದು ಬೇಗೂರಿನ ಕಡೆಯ ಒಂದು ರೇಷ್ಮೆ ಬೆಳೆಯುವ ಮನೆಗೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹುಳುಗಳಿಗೆ ಹಾಕುವುದು, ಅವುಗಳ ಹಿಕ್ಕೆ ಬಳಿಯುವುದು, ಇಷ್ಟೇ ಅವಳ ಸಂಸಾರ. ಹೊಗೆಸೊಪ್ಪು ಮುಟ್ಟಿದ ಕೈ ಹುಳುಮನೆಯ ಬಾಗಿಲಿಗೂ ಸೋಕಬಾರದು, ಹುಳುಗಳು ಸತ್ತುಹೋಗುತ್ತವೆ. ಹುಳುಗಳಿಗೆ ಅಷ್ಟು ಮರ್ಯಾದೆಯಿದ್ದ ಮನೆಯಲ್ಲಿ ಅತ್ತೆಗೆ ಅದರ ಕಾಲು ಭಾಗವೂ ಇರಲಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡ ಜಯಮ್ಮ ಎಂಬ ಹುಡುಗಿಯನ್ನು ಕಟ್ಟಿಕೊಂಡು, ಅತ್ತೆಯನ್ನು ಒಂದು ಟ್ರಂಕಿನ ಸಮೇತ ನಮ್ಮ ಜಗುಲಿಗೆ ಬಿಟ್ಟುಹೋದ. ಅವನನ್ನು ಮಾವ ಎನ್ನಲು ನನಗೆ ಇಂದಿಗೂ ನಾಲಿಗೆ ಏಳುವುದಿಲ್ಲ. ಅತ್ತೆ ಅಳಲಿಲ್ಲವಂತೆ. ಮರುದಿನವೇ ಹಿತ್ತಿಲಿಗಿಳಿದಳಂತೆ. "ಅಲ್ಲಿ ಉಳ ಸಾಕ್ದೆ ಕಣೇ, ಇಲ್ಲಿ ಸಾಯಿಸ್ತೀನಿ," ಎಂದು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಸಾಯಿಸುವ ಮೊದಲು ಗುರುತು ಹಿಡಿಯಬೇಕು ಎನ್ನುವುದು ಅವಳ ಪಟ್ಟು. ಗುರುತಿಗೆ ಅವಳಿಟ್ಟ ಹೆಸರುಗಳೆಲ್ಲ ಆ ಮನೆಯವರವೇ. ನಿಂಬೆ ಗಿಡದ ಹುಳ ಮೊದಲು ಹಕ್ಕಿ ಹಿಕ್ಕೆಯ ಹಾಗೆ ಬಿದ್ದುಕೊಂಡಿರುತ್ತದೆ, ಬೆಳೆದು ಹಸಿರಾದ ಮೇಲೆ ಮುಟ್ಟಿದರೆ ಕೆಂಪು ಕೊಂಬು ತೆಗೆದು ನಾರುತ್ತದೆ. ಅದು ಯಜಮಾನರು. ದಾಸವಾಳದ ಕಣ್ಣುಗಳ ಸಂದಿಯಲ್ಲಿ ಹತ್ತಿಯ ಹಾಗೆ ಬೆಳ್ಳಗೆ ಕೂತು, ಅಲ್ಲಾಡದೆ ರಸ ಹೀರಿ ಚಿಗುರನ್ನು ಮುದುಡಿಸುವ ಹಿಟ್ಟಿನ ಹುಳ ಅತ್ತೆಯ ಅತ್ತೆ. ಆ ಬಿಳಿ ಹುಳದ ಅಂಟು ನೆಕ್ಕಲು ಕಾಂಡದುದ್ದಕ್ಕೂ ಹತ್ತಿಳಿಯುವ ಇರುವೆಗಳು ಚಾಡಿ ಹೇಳುತ್ತಿದ್ದ ನಾದಿನಿಯರು. "ಇರುವೆ ಸಾಲು ಕಂಡ್ರೆ ಮ್ಯಾಲೆ ನೋಡು, ಮುದುಕಿ ಕೂತಿರ್ತಾಳೆ," ಎನ್ನುತ್ತಿದ್ದಳು. ಕಂಬಳಿಹುಳಗಳನ್ನು ಕಡ್ಡಿಯಲ್ಲಿ ಎತ್ತಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವಳು. ಹೇನು ಹತ್ತಿದ ಅವರೆ ಕುಡಿಗೆ ಸೋಪಿನ ನೀರು. ಹಿಟ್ಟಿನ ಹುಳವನ್ನು ಮಾತ್ರ ಹೆಬ್ಬೆರಳಲ್ಲೇ ಅರೆಯುವಳು. ಬಿಳಿಯ ಹಿಟ್ಟಿನೊಳಗಿಂದ ಕೆಂಪು ರಸ ಬರುತ್ತಿತ್ತು. ಆಗ ಅವಳ ಮುಖ ನೋಡಲು ನನಗೆ ಹೆದರಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಗುಲಗಂಜಿಯಂಥ ಚುಕ್ಕೆಹುಳ ಸಿಕ್ಕರೆ ಅಂಗೈಮೇಲೆ ಹತ್ತಿಸಿಕೊಂಡು, "ಇವ್ನು ನಮ್ ಕಡೆಯೋನು, ಹೇನು ತಿಂತಾನೆ," ಎಂದು ಮತ್ತೆ ಎಲೆಗೇ ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಆ ಮುದುಕಿಯೇ ನಮ್ಮ ಮನೆಗೆ ಬಂದಳು. ಬಿಳಿ ಸೀರೆ, ಅಲ್ಲಾಡದೆ ಕೂರುವ ರೀತಿ, ಗುರುತು ತಪ್ಪುವ ಹಾಗೇ ಇರಲಿಲ್ಲ. "ಆಗಿದ್ದಾಯ್ತು, ಬಾರವ್ವ ಕೆಂಪಮ್ಮ. ಸೊಪ್ಪು ಕೊಯ್ಯೋಕೆ ಕೈ ಸಾಲ್ದು. ಆ ಉಡುಗಿಗೆ ಏನೂ ಬರಲ್ಲ," ಎಂದಳು. ಸೊಸೆಯಾಗಿ ಬೇಡವಾದವಳು ಆಳಾಗಿ ಬೇಕಾಗಿದ್ದಳು. ಅಪ್ಪ, ಹೋದರೆ ಒಳ್ಳೆಯದೇನೋ ಎನ್ನುವವನ ಹಾಗೆ ನೆಲ ನೋಡುತ್ತಿದ್ದ. ಈಗ ಅತ್ತೆ ಹೊರಟುಹೋಗುತ್ತಾಳೆಂದು ನಾನು ಅವಳ ಸೆರಗು ಹಿಡಿದುಕೊಂಡೆ. ಅತ್ತೆ ಬರುವುದಿಲ್ಲ ಎಂದಷ್ಟೇ ಹೇಳಿ ಎದ್ದಳು. ಆದರೆ ಬಂದ ಮುತ್ತೈದೆಯೋ ಮುದುಕಿಯೋ, ಯಾರನ್ನೂ ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಎಲೆ ಅಡಿಕೆ ಕೊಟ್ಟಳು. ಆಮೇಲೆ ಹಿತ್ತಿಲಿಗೆ ಹೋಗಿ, ಸುಡಲೆಂದು ಬೇರೆಯಿಟ್ಟಿದ್ದ ಒಂದು ದಾಸವಾಳವನ್ನು ಡಬ್ಬಿಯ ಸಮೇತ ತಂದಳು. ಮುದುಡಿದ ಎಲೆಗಳನ್ನು ಚಿವುಟಿ ನೀರು ಚಿಮುಕಿಸಿದ್ದಳು, ತುದಿಯಲ್ಲೊಂದು ಮೊಗ್ಗಿತ್ತು. "ದೇವ್ರಿಗೆ ಹೂವಿಲ್ಲ ಅಂತಿದ್ರಲ್ಲ, ತಗಂಡೋಗಿ." ಸಂದಿಯಲ್ಲಿದ್ದ ಬಿಳುಪು ನನಗೆ ಕಂಡಿತು. ಅತ್ತೆ ನನ್ನತ್ತ ಒಮ್ಮೆ ನೋಡಿದಳು, ಅಷ್ಟೆ. ಹಿಪ್ಪುನೇರಳೆಗೂ ಅದೇ ಹುಳ ಹತ್ತುತ್ತದೆ, ಹತ್ತಿದರೆ ಕುಡಿಯೆಲ್ಲ ಸುರುಟಿ ರೇಷ್ಮೆಹುಳುವಿಗೆ ಸೊಪ್ಪೇ ಇರುವುದಿಲ್ಲ ಎಂದು ಆ ಸಂಜೆ ಹೇಳಿದಳು. ಮದ್ದು ಹೊಡೆಯುವಂತೆಯೂ ಇಲ್ಲ, ಸೊಪ್ಪು ತಿಂದ ಹುಳು ಸಾಯುತ್ತದೆ. ಆ ಮುದುಕಿ ಗಿಡವನ್ನು ಕೂಸಿನ ಹಾಗೆ ಎದೆಗವುಚಿಕೊಂಡು ಹೋದದ್ದನ್ನು ನೆನೆದು ನಾನು ಎಷ್ಟು ವರ್ಷ ನಕ್ಕಿದ್ದೇನೋ.

ಮುಂದಿನ ಬೇಸಿಗೆಗೆ ಆ ಮನೆಯ ತೋಟ ಸುರುಟಿಕೊಂಡ ಸುದ್ದಿ ಬಂತು. ಅದರ ಹಿಂದೆಯೇ ಜಯಮ್ಮ ಬಂದಳು, ಕೈಯಲ್ಲೊಂದು ಬಟ್ಟೆಯ ಗಂಟು. ಅವಳ ಕಾಲ್ಗುಣದಿಂದಲೇ ತೋಟ ಹಾಳಾಯಿತೆಂದು ಹೊಡೆದು ಆಚೆ ಹಾಕಿದ್ದರು. ತವರಿನಲ್ಲಿ ಯಾರೂ ಇರಲಿಲ್ಲ. ಅತ್ತೆ ಕಂಬ ಹಿಡಿದು ಕೂತುಬಿಟ್ಟಳು. ಯಾರನ್ನು ಕಡಿಯಲೆಂದು ಕಳಿಸಿದ್ದಳೋ ಅವರನ್ನು ಬಿಟ್ಟು ಆ ಹುಳ ಈ ಹುಡುಗಿಯ ಬಾಳನ್ನೇ ಕಡಿದಿತ್ತು.

"ನಿನ್ನ ಕಾಲ್ಗುಣ ಅಲ್ಲ ಕಣವ್ವ," ಎಂದಳು ಅತ್ತೆ. "ಆ ದಾಸವಾಳದಾಗೆ ಉಳ ಇತ್ತು. ಗೊತ್ತಿದ್ದೇ ಕೊಟ್ಟೆ."

ಜಯಮ್ಮ ತಲೆಯೆತ್ತಲಿಲ್ಲ. "ಗೊತ್ತು ಕಣಕ್ಕ. ಗಿಡ ಬಂದ ದಿನಾನೇ ನೋಡ್ದೆ. ಬಾಗಿಲಲ್ಲಿ ಇಡು ಅಂದ್ರು. ನಾನು ತಗಂಡೋಗಿ ತೋಟದ ಮಧ್ಯಕ್ಕೆ ನೆಟ್ಟೆ. ದಿನಾ ನೀರಾಕ್ದೆ."

ಅತ್ತೆ ಎದ್ದು ಒಳಗೆ ಹೋಗಿ ಇನ್ನೊಂದು ತಟ್ಟೆ ಹಾಕಿದಳು. ಜಯಮ್ಮ ಮತ್ತೆ ಆ ಮನೆಗೆ ಹೋಗಲಿಲ್ಲ. ಈಗ ನಮ್ಮ ಹೆಂಚಿನ ಮನೆಯಿಲ್ಲ, ಹಿತ್ತಿಲಿದ್ದಲ್ಲಿ ಗೋದಾಮು ಎದ್ದಿದೆ, ಅಕ್ಕತಂಗಿಯರಂತೆ ಬಾಳಿದ ಆ ಇಬ್ಬರೂ ಒಬ್ಬರ ಹಿಂದೊಬ್ಬರು ಹೋದರು. ಅವರನ್ನು ನೆನೆದರೆ ಕಣ್ಣು ತುಂಬುತ್ತದೆ. ಆ ತೋಟವನ್ನು ನೆನೆದರೆ ಮಾತ್ರ ಇಂದಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ.